ಹೊಗೆ ಬಿಡುವವರೇ ಹೊಗೆ ಅಳೆದರೆ?

ಹಾಸನ: ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಅರ್ಧ ಕೆಜಿ ಬೇಳೆ ತೂಗುವ ಅಂಗಡಿಯವರ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ, ಕಬ್ಬಿಣದ ತೂಕದ ಬಟ್ಟಿಗೆ ಎರಡು ವರ್ಷಕ್ಕೊಮ್ಮೆ ಮುದ್ರೆ ಹಾಕಿಸಲೇಬೇಕು. “ನನ್ನ ತಕ್ಕಡಿ ಸರಿಯಾಗೇ ಇದೆ ಸ್ವಾಮಿ, ನಾನೇ ನೋಡಿದ್ದೀನಿ” ಅಂತ ಅಂಗಡಿಯವರೇ ಒಂದು ಚೀಟಿ ಬರೆದುಕೊಟ್ಟರೆ ತೂಕ ಮತ್ತು ಅಳತೆಯ ಅಧಿಕಾರಿಗಳು ಒಪ್ಪುತ್ತಾರೆಯೇ? ನಕ್ಕು ದಂಡ ಬರೆಯುತ್ತಾರೆ.

ಬೇಳೆಯ ಮಾತು ಬಿಡಿ. ಊರಿನ ಗಾಳಿಯ ಲೆಕ್ಕಕ್ಕೆ ಬಂದರೆ ಕಾನೂನಿನ ಕ್ರಮವೇ ಬೇರೆ.

ಕಾರ್ಖಾನೆಯ ಚಿಮಣಿಯಿಂದ ಎಷ್ಟು ಹೊಗೆ ಹೋಯಿತು, ಕ್ರಷರಿನಿಂದ ಎಷ್ಟು ಧೂಳು ಎದ್ದಿತು ಎಂದು ಕಾಲಕಾಲಕ್ಕೆ ಅಳತೆ ಮಾಡಿಸುವವರು ಅದರ ಮಾಲೀಕರೇ. ಅಳೆಯಲು ಬರುವ ಪ್ರಯೋಗಾಲಯಕ್ಕೆ ಹಣ ಕೊಡುವವರೂ ಅವರೇ. ಯಾವ ದಿನ ಬರಬೇಕು, ಎಷ್ಟು ಹೊತ್ತಿಗೆ ಬರಬೇಕು ಎಂದು ಗೊತ್ತು ಮಾಡುವವರೂ ಅವರೇ. ಬಂದ ಅಂಕಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸುವವರೂ ಅವರೇ.

ಸರ್ಕಾರಿ ಕಡತದಲ್ಲಿ ಇದಕ್ಕೆ ‘ಸ್ವಯಂ ಮೇಲ್ವಿಚಾರಣೆ’ ಎಂದು ಹೆಸರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನಡುವೆ ದಿನಾ ಬಸ್ಸಿನಲ್ಲಿ ಓಡಾಡುವವರು, ರಸ್ತೆ ಬದಿಯಲ್ಲಿ ಅಂಗಡಿ ಇಟ್ಟುಕೊಂಡು ಬೆಳಗಾದರೆ ಗಲ್ಲಾಪೆಟ್ಟಿಗೆಯ ಧೂಳು ಒರೆಸುವವರು ಈ ಹೆಸರನ್ನು ಕೇಳಿರುವುದು ಅಪರೂಪ. ಅವರು ಉಸಿರಾಡುವ ಗಾಳಿಯ ಜಾತಕ ಮಾತ್ರ ಇದೇ ಕಡತದಲ್ಲಿದೆ.

ತಪ್ಪೇನಿದೆ ಎನ್ನುವವರಿಗೆ

ಸ್ವಯಂ ತಪಾಸಣೆ ಎಂಬುದೇ ತಪ್ಪು ಎಂದು ಒಂದೇ ಏಟಿಗೆ ತಳ್ಳಿಹಾಕುವಂತಿಲ್ಲ. ಅಂಗಡಿಯವರೂ ತಮ್ಮ ವ್ಯಾಪಾರದ ಲೆಕ್ಕವನ್ನು ತಾವೇ ಬರೆದು ತೆರಿಗೆ ಇಲಾಖೆಗೆ ಕೊಡುತ್ತಾರೆ. ಪ್ರತಿ ಬಿಲ್ಲಿಗೂ ಒಬ್ಬ ಅಧಿಕಾರಿಯನ್ನು ಕೂರಿಸಲು ಯಾವ ಸರ್ಕಾರಕ್ಕೂ ಆಗುವುದಿಲ್ಲ.

ಮಂಡಳಿಯ ಕಷ್ಟವೂ ಹಾಗೆಯೇ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿದ್ದು 1974ರಲ್ಲಿ. ಆಗ ಅದರ ಪಾಲಿಗಿದ್ದದ್ದು ನೀರಿನ ಕೊಳೆ ಮಾತ್ರ. 1981ರಲ್ಲಿ ಪಾರ್ಲಿಮೆಂಟು ವಾಯು ಮಾಲಿನ್ಯ ಕಾಯಿದೆ ಮಾಡಿದ ಮೇಲೆ ಹೊಗೆಯೂ ಅದರ ತಲೆಗೆ ಬಿತ್ತು. ಭೋಪಾಲದ ದುರಂತ ನಡೆದದ್ದು 1984ರ ಡಿಸೆಂಬರಿನಲ್ಲಿ. ಅದರ ಬೆನ್ನಿಗೇ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. ಕಾಯಿದೆ ಒಂದರ ಮೇಲೊಂದು ಬಂದವು, ಆದರೆ ಪ್ರತಿ ಚಿಮಣಿಯ ಕೆಳಗೂ ಒಬ್ಬ ಇನ್ಸ್‌ಪೆಕ್ಟರು ನಿಲ್ಲುವುದು ಆಗದ ಮಾತು. ಮಂಡಳಿಯ ಪ್ರಾದೇಶಿಕ ಕಚೇರಿ ಇರುವುದು ಹಾಸನದಲ್ಲಿ. ಜಿಲ್ಲೆಯಲ್ಲಿ ಎಂಟು ತಾಲ್ಲೂಕುಗಳಿವೆ. ಬಾಯ್ಲರುಗಳಿಗೆ ಭಾನುವಾರವಿಲ್ಲ, ರಾತ್ರಿಯಿಲ್ಲ.

ಹೀಗಾಗಿ ನಿನ್ನ ಹೊಗೆ ನೀನೇ ಅಳೆದು ತೋರಿಸು ಎಂಬ ಕ್ರಮ ಬಂತು. ಕಾರ್ಖಾನೆ ಶುರು ಮಾಡುವ ಮೊದಲು ಸ್ಥಾಪನೆಗೆ ಒಂದು ಸಮ್ಮತಿ ಪತ್ರ, ಯಂತ್ರ ತಿರುಗಿಸುವ ಮೊದಲು ಇನ್ನೊಂದು. ಹೊಗೆ ಎಷ್ಟರೊಳಗಿರಬೇಕು, ಎಷ್ಟು ದಿನಕ್ಕೊಮ್ಮೆ ಅಳೆಯಿಸಬೇಕು ಎಂಬುದು ಆ ಪತ್ರದ ಷರತ್ತಿನಲ್ಲೇ ಇರುತ್ತದೆ.

ಇದರ ಮೇಲೆ ವಾರ್ಷಿಕ ಪರಿಸರ ವರದಿ. ಇದರ ಹೆಸರು ಫಾರಂ 5. ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕವನ್ನು ಸೆಪ್ಟೆಂಬರ್ 30ರೊಳಗೆ ಮಂಡಳಿಗೆ ಸಲ್ಲಿಸಬೇಕು. ಎಷ್ಟು ನೀರು ಬಳಸಿದಿರಿ, ಎಷ್ಟು ಕಚ್ಚಾ ಮಾಲು ಬಳಸಿದಿರಿ, ಹೊಗೆಯಲ್ಲಿ ಏನೇನು ಎಷ್ಟೆಷ್ಟು ಹೋಯಿತು, ಮಿತಿಗಿಂತ ಶೇಕಡ ಎಷ್ಟು ವ್ಯತ್ಯಾಸ, ಯಾಕೆ ಎಂದು ಅದರಲ್ಲಿ ಬರೆಯಬೇಕು. ಫಾರಂ ಚೆನ್ನಾಗಿಯೇ ಇದೆ. ಆದರೆ ಗಡುವು ನೋಡಿ. 2024ರ ಏಪ್ರಿಲ್ 1ರಂದು ಬಿಟ್ಟ ಹೊಗೆಯ ವಾರ್ಷಿಕ ಲೆಕ್ಕಕ್ಕೆ 2025ರ ಸೆಪ್ಟೆಂಬರ್ 30ರವರೆಗೆ ಕಾಲಾವಕಾಶ. ಒಂದೂವರೆ ವರ್ಷ! ಅಷ್ಟರೊಳಗೆ ಆ ಹೊಗೆ ಯಾರ ಯಾರ ಎದೆ ಹೊಕ್ಕು ಹೊರಟಿತೋ ಬಲ್ಲವರಾರು?

ಚಿಮಣಿ ಏರಿ ಅಳೆಯುವುದು ಹೇಗೆ?

ಹೊಗೆ ಅಳೆಯುವುದು ಆಟದ ಮಾತಲ್ಲ. ಚಿಮಣಿಯ ಮೈಗೆ ಒಂದು ಕಿಂಡಿ ಇರಬೇಕು. ಅದರ ಬಳಿ ನಿಲ್ಲಲು ಅಟ್ಟಣೆ, ಅಟ್ಟಣೆಗೆ ಏರಲು ಗಟ್ಟಿಯಾದ ಏಣಿ ಬೇಕು. ಪ್ರಯೋಗಾಲಯದ ಹುಡುಗರು ಯಂತ್ರ ಹೊತ್ತು ಮೇಲೆ ಹತ್ತುತ್ತಾರೆ. ಕಿಂಡಿಯಿಂದ ಒಂದು ಕೊಳವೆ ಒಳಗಿಟ್ಟು, ಒಳಗೆ ಹೊಗೆ ಎಷ್ಟು ವೇಗದಲ್ಲಿ ಹೋಗುತ್ತಿದೆಯೋ ಅಷ್ಟೇ ವೇಗದಲ್ಲಿ ಸ್ವಲ್ಪ ಹೊಗೆಯನ್ನು ಹೊರಗೆ ಎಳೆಯುತ್ತಾರೆ. ಆ ಹೊಗೆ ಬೆರಳುದ್ದದ ಸೋಸುಚೀಲವೊಂದರ ಮೂಲಕ ಹಾಯುತ್ತದೆ. ಮಸಿ ಅದರಲ್ಲಿ ಉಳಿಯುತ್ತದೆ. ಚೀಲವನ್ನು ಮೊದಲೂ ತೂಗಿರುತ್ತಾರೆ, ಆಮೇಲೂ ತೂಗುತ್ತಾರೆ. ವ್ಯತ್ಯಾಸವೇ ಮಸಿಯ ತೂಕ. ಇಷ್ಟು ಘನ ಮೀಟರ್ ಹೊಗೆಯಲ್ಲಿ ಇಷ್ಟು ಮಿಲಿಗ್ರಾಂ ಎಂದು ವರದಿ ಹೊರಡುತ್ತದೆ.

ವಿಧಾನದಲ್ಲಿ ದೋಷವಿಲ್ಲ. ದೋಷ ಹೊಕ್ಕುವುದು ದಿನ ಗೊತ್ತು ಮಾಡುವಾಗ.

ವರ್ಷಕ್ಕೆ 8,760 ಗಂಟೆ. ತಿಂಗಳಿಗೊಮ್ಮೆ ಒಂದೊಂದು ಗಂಟೆ ಅಳೆದರೂ ವರ್ಷಕ್ಕೆ ಸಿಗುವುದು 12 ಗಂಟೆಯ ಲೆಕ್ಕ. ಆ 12 ಗಂಟೆಯೂ ಮೊದಲೇ ತಿಳಿದಿರುವ ಗಂಟೆ. ಅಂದು ಬಾಯ್ಲರಿಗೆ ಒಣಗಿದ ಸೌದೆ ಬೀಳಬಹುದು. ಯಂತ್ರ ಅರ್ಧ ಭಾರದಲ್ಲಿ ಓಡಬಹುದು. ಧೂಳು ಹಿಡಿಯುವ ಸೈಕ್ಲೋನ್ ಶುಚಿಯಾಗಿರಬಹುದು. ಕ್ರಷರಿನ ಅಂಗಳಕ್ಕೆ ಬೆಳಗ್ಗೆಯೇ ಟ್ಯಾಂಕರು ನೀರು ಚಿಮುಕಿಸಿರಬಹುದು. ಮಾರನೇ ದಿನ? ಬೀಗರು ಬರುವ ದಿನ ಮಾತ್ರ ಅಂಗಳ ಸಾರಿಸಿ ರಂಗೋಲಿ ಬಿಡುವ ಮನೆಯ ಕಥೆ.

ಅಳೆದ ಗಂಟೆಯ ಅಂಕಿ ಸುಳ್ಳೇ ಆಗಿರಬೇಕೆಂದಿಲ್ಲ. ಅಳೆಯದ ಗಂಟೆಗಳ ಅಂಕಿ ಯಾರ ಬಳಿಯೂ ಇಲ್ಲ ಎಂಬುದೇ ತಕರಾರು.

ಹೊಳೆನರಸೀಪುರದ ಭತ್ತ

ಹೇಮಾವತಿ ನೀರಿನ ಈ ಸೀಮೆಯಲ್ಲಿ ಭತ್ತವೂ ಉಂಟು, ಭತ್ತವಿದ್ದ ಮೇಲೆ ರೈಸ್ ಮಿಲ್ಲೂ ಉಂಟು. ಬರಿಯ ಅಕ್ಕಿ ಮಾಡುವ ಮಿಲ್ಲಿನಲ್ಲಿ ಏಳುವುದು ಹೊಟ್ಟು ಮತ್ತು ತೌಡಿನ ಧೂಳು. ಭತ್ತ ಬೇಯಿಸುವ ಮಿಲ್ಲಾದರೆ ಬಾಯ್ಲರು ಬೇಕು, ಬಾಯ್ಲರಿಗೆ ಹೊಟ್ಟೇ ಸೌದೆ. ಹೊಟ್ಟಿನ ಬೂದಿ ಹಗುರ. ಸಣ್ಣ ಗಾಳಿ ಬೀಸಿದರೂ ಹಾರಿ ಹೋಗಿ ಒಣಗಲು ಹಾಕಿದ ಬಟ್ಟೆಯ ಮೇಲೆ, ಹಪ್ಪಳದ ಮೇಲೆ ಕೂರುತ್ತದೆ.

ಇಲ್ಲಿ ಕಾನೂನಿನ ಒಂದು ವಿಚಿತ್ರ ಓದುಗರ ಗಮನಕ್ಕೆ. ಸಣ್ಣ ಬಾಯ್ಲರುಗಳಿಗೆ ಕೇಂದ್ರ ಸರ್ಕಾರದ ಪರಿಸರ ನಿಯಮಗಳು ಹಾಕಿರುವ ಮಿತಿ ಹೀಗಿದೆ: ಗಂಟೆಗೆ 2 ಟನ್ನಿಗಿಂತ ಕಡಿಮೆ ಹಬೆ ಮಾಡುವ ಬಾಯ್ಲರಿನ ಹೊಗೆಯಲ್ಲಿ ಪ್ರತಿ ಘನ ಮೀಟರಿಗೆ 1,200 ಮಿಲಿಗ್ರಾಂ ಮಸಿ ಇರಬಹುದು. 2ರಿಂದ 10 ಟನ್ನಿನದಕ್ಕೆ 800. 10ರಿಂದ 15 ಟನ್ನಿನದಕ್ಕೆ 600. ಅದಕ್ಕಿಂತ ದೊಡ್ಡದಕ್ಕೆ ಮಾತ್ರ 150. ಅಂದರೆ ಚಿಕ್ಕ ಬಾಯ್ಲರಿಗೆ ಎಂಟು ಪಟ್ಟು ಸಡಿಲ. ಬಡ ಮಾಲೀಕರಿಗೆ ದುಬಾರಿ ಯಂತ್ರದ ಭಾರ ಬೀಳಬಾರದೆಂಬ ಅನುಕೂಲ ಇದರಲ್ಲಿದೆ ಎಂದೇ ಇಟ್ಟುಕೊಳ್ಳೋಣ. ಆದರೆ ದೊಡ್ಡ ಬಾಯ್ಲರು ಇರುವುದು ಊರಾಚೆಯ ಕೈಗಾರಿಕಾ ಪ್ರದೇಶದಲ್ಲಿ. ಚಿಕ್ಕದು ಇರುವುದು ಮನೆ, ಅಂಗಡಿ, ಸ್ಕೂಲಿನ ನಡುವೆ. ಉಸಿರಾಡುವವರಿಗೆ ಬಾಯ್ಲರಿನ ಗಾತ್ರ ಗೊತ್ತಾಗುತ್ತದೆಯೇ?

ಇಷ್ಟು ಸಡಿಲ ಮಿತಿಯನ್ನೂ ಪಾಲಿಸಿದ್ದೇವೆ ಎಂದು ಹೇಳುವವರು ಮಿಲ್ಲಿನವರೇ. ಹೌದು, ಇಲ್ಲ ಎಂದು ಹೇಳಲು ಪಕ್ಕದ ಮನೆಯವರ ಬಳಿ ಇರುವ ಸಾಕ್ಷಿ ಕಪ್ಪಾದ ಪಂಚೆಯೊಂದೇ.

ಅರಕಲಗೂಡಿನ ಬ್ಯಾರನ್ನು

ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆ ಹೊಗೆಸೊಪ್ಪಿನ ಬೆಳೆ. ತಂಬಾಕು ಮಂಡಳಿಯ ಹರಾಜು ಕಟ್ಟೆ ಇರುವ ಊರದು. ಮುಂಗಾರಿನಲ್ಲಿ ನೆಟ್ಟ ಸೊಪ್ಪನ್ನು ಮುರಿದು, ಕೋಲಿಗೆ ಕಟ್ಟಿ, ಬ್ಯಾರನ್ನಿನೊಳಗೆ ನೇತುಹಾಕಿ, ಹಗಲು ರಾತ್ರಿ ಬೆಂಕಿ ಕೊಟ್ಟು ಹದ ಮಾಡುತ್ತಾರೆ. ಒಂದು ಕೆಜಿ ಒಣ ಸೊಪ್ಪಿಗೆ ಹಲವು ಕೆಜಿ ಸೌದೆ ಉರಿಯಬೇಕು. ಹದ ಮಾಡುವ ತಿಂಗಳುಗಳಲ್ಲಿ ಸಂಜೆ ಬಸ್ಸಿನಲ್ಲಿ ಆ ದಾರಿಯಲ್ಲಿ ಹೋದವರಿಗೆ ಆ ವಾಸನೆ ಹೇಳಿಕೊಡಬೇಕಾಗಿಲ್ಲ.

ಕಾರ್ಖಾನೆಯ ಚಿಮಣಿಗಾದರೆ ಸುಳ್ಳೋ ನಿಜವೋ ಒಂದು ಅಂಕಿ ಇರುತ್ತದೆ. ಬ್ಯಾರನ್ನಿನದು ರೈತರ ಹೊಲದ ಗೂಡು. ಕಿಂಡಿ ಕೊರೆದು, ಏಣಿ ಹಾಕಿ, ಮಸಿ ತೂಗುವ ಮಾತೇ ಅಲ್ಲಿ ಏಳುವುದಿಲ್ಲ. ಹಾಗಂತ ರೈತರ ಕೈಗೆ ಫಾರಂ 5 ಕೊಟ್ಟು ಕೂರಿಸಿದರೆ ನಗೆಪಾಟಲು. ಅಲ್ಲಿ ಬೇಕಾದ್ದು ಕಾಗದವಲ್ಲ. ಕಡಿಮೆ ಸೌದೆಯಲ್ಲಿ ಹೆಚ್ಚು ಶಾಖ ಕೊಡುವ ಒಲೆ, ಶಾಖ ಹೊರಗೆ ಹೋಗದಂಥ ಗೋಡೆ ಮತ್ತು ಮಾಡು. ಸೌದೆ ಉಳಿದರೆ ರೈತರ ಕಾಸೂ ಉಳಿಯುತ್ತದೆ, ಹೊಗೆಯೂ ತಗ್ಗುತ್ತದೆ. ಎಲ್ಲ ಹೊಗೆಗೂ ಒಂದೇ ಮದ್ದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ಚನ್ನರಾಯಪಟ್ಟಣದ ಸಕ್ಕರೆ, ಜಲ್ಲಿ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದಲ್ಲಿ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಸಹಕಾರಿಯಾಗಿ ಹುಟ್ಟಿ, ಮುಂದೆ ಖಾಸಗಿ ಗುತ್ತಿಗೆಗೆ ಹೋದದ್ದು ಜಿಲ್ಲೆಯ ಕಬ್ಬು ಬೆಳೆಗಾರರಿಗೆಲ್ಲ ಗೊತ್ತು. ಸಕ್ಕರೆ ಎಂಬ ಕಸುಬು ಕೇಂದ್ರದವರು ಗುರುತಿಸಿರುವ 17 ಬಗೆಯ ಹೆಚ್ಚು ಮಾಲಿನ್ಯದ ಕೈಗಾರಿಕೆಗಳ ಪಟ್ಟಿಯಲ್ಲಿದೆ. ಸಿಮೆಂಟು, ಕಾಗದ, ಸಾರಾಯಿ ಭಟ್ಟಿ, ಕಲ್ಲಿದ್ದಲಿನ ವಿದ್ಯುತ್ತು ಅದರ ಜೊತೆಯವರು. ಸಕ್ಕರೆ ಕಾರ್ಖಾನೆಗಳ ಚಿಮಣಿಗೆ 2016ರ ಜನವರಿಯಲ್ಲಿ 150 ಮಿಲಿಗ್ರಾಂ ಮಿತಿ ಹಾಕಲಾಯಿತು.

ಈ 17 ಬಗೆಯವರಿಗೆ 2014ರ ಫೆಬ್ರವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಒಂದು ಹುಕುಂ ಹೊರಟಿತು. ಹೊಗೆಯನ್ನೋ ಕೊಳಚೆ ನೀರನ್ನೋ ಹಗಲು ರಾತ್ರಿ ತಾನೇ ಅಳೆದು, ಅಂಕಿಯನ್ನು ನೇರವಾಗಿ ಮಂಡಳಿಯ ಕಂಪ್ಯೂಟರಿಗೆ ಕಳಿಸುವ ಯಂತ್ರ ಕೂರಿಸಬೇಕೆಂದು. ತಿಂಗಳಿಗೊಂದು ಗಂಟೆಯ ಬದಲು ಎಲ್ಲ ಗಂಟೆಯ ಲೆಕ್ಕ! ಇದು ಒಳ್ಳೆಯ ಹೆಜ್ಜೆಯೇ. ಆದರೆ ಆ ಯಂತ್ರವನ್ನು ಕೊಳ್ಳುವವರು, ನೋಡಿಕೊಳ್ಳುವವರು, ಅದರ ಮುಳ್ಳು ಸರಿಪಡಿಸುವವರಿಗೆ ಕೂಲಿ ಕೊಡುವವರು ಮತ್ತದೇ ಕಾರ್ಖಾನೆಯವರು. ತಕ್ಕಡಿ ಹೊಸದಾದರೂ ಮುದ್ರೆಯ ಪ್ರಶ್ನೆ ಹಳೆಯದೇ. ರೈಸ್ ಮಿಲ್ಲು, ಕ್ರಷರು ಈ ಪಟ್ಟಿಗೆ ಸೇರಿಲ್ಲ ಎನ್ನುವುದೂ ನೆನಪಿರಲಿ.

ಈಗ ಜಲ್ಲಿಗೆ ಬರೋಣ. ಹೆದ್ದಾರಿ, ಮನೆ, ಸೇತುವೆ ಎಲ್ಲಕ್ಕೂ ಜಲ್ಲಿ ಬೇಕು, ಎಂ-ಸ್ಯಾಂಡ್ ಬೇಕು. ಕ್ರಷರು ಬೇಡ ಎನ್ನುವವರೂ ಮನೆ ಕಟ್ಟುವಾಗ ಅದೇ ಲಾರಿಗೆ ಫೋನು ಮಾಡುತ್ತಾರೆ. ಆದ್ದರಿಂದ ಕ್ರಷರನ್ನು ಸಂಯಮದಲ್ಲಿಡುವ ಮಾತೇ ಸರಿ. ಕರ್ನಾಟಕದಲ್ಲಿ ಇದಕ್ಕೆಂದೇ 2011ರ ಕಾಯಿದೆ ಇದೆ. ಸುರಕ್ಷಿತ ವಲಯ ಗೊತ್ತು ಮಾಡಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ ಲೈಸೆನ್ಸು ಕೊಡಬೇಕು. ಧೂಳಿನ ವಿಷಯದಲ್ಲಿ ಕೇಂದ್ರದ ನಿಯಮ ಹೇಳುವುದು ಇಷ್ಟು: ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದಾಗ ಗಾಳಿಯಲ್ಲಿ ತೇಲುವ ಧೂಳು ಘನ ಮೀಟರಿಗೆ 600 ಮೈಕ್ರೋಗ್ರಾಂ ದಾಟಬಾರದು. ಧೂಳು ಏಳದಂತೆ ಯಂತ್ರ ಮುಚ್ಚಬೇಕು, ನೀರು ಚಿಮುಕಿಸಬೇಕು, ಗಾಳಿ ತಡೆಯುವ ಗೋಡೆ ಕಟ್ಟಬೇಕು, ಒಳಗಿನ ರಸ್ತೆಗೆ ಜಲ್ಲಿ ಟಾರು ಹಾಕಬೇಕು, ಸುತ್ತ ಮರ ಬೆಳೆಸಬೇಕು.

ಈ ಐದರಲ್ಲಿ ಅಳತೆ ಯಂತ್ರವೇ ಇಲ್ಲದೆ ಕಣ್ಣಿಗೆ ಕಾಣುವುದು ಎಷ್ಟು? ಐದೂ ಕಾಣುತ್ತವೆ! ಗೋಡೆ ಇದೆಯೇ, ಮರ ಇದೆಯೇ, ನೀರು ಬೀಳುತ್ತಿದೆಯೇ ಎಂದು ಬಸ್ಸಿನ ಕಿಟಕಿಯಿಂದಲೇ ಹೇಳಬಹುದು. ವರದಿಯಲ್ಲಿ ‘ಮಿತಿಯೊಳಗಿದೆ’ ಎಂದು ಬರೆದು, ಗೋಡೆಯೇ ಇಲ್ಲದಿದ್ದರೆ ಆ ವರದಿಯನ್ನು ನಂಬುವುದು ಹೇಗೆ?

ಕಲ್ಲಿನ ಧೂಳು ಸುಮ್ಮನೆ ಮಣ್ಣಿನ ಧೂಳಲ್ಲ. ಅದರಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಕುಡಿದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಬಂದರೆ ವಾಸಿಯಾಗುವುದಿಲ್ಲ. ಮೊದಲು ಬೀಳುವವರು ಅಲ್ಲೇ ದುಡಿಯುವ ಕೂಲಿಯವರು. ಫಾರಮ್ಮಿಗೆ ಸಹಿ ಮಾಡುವವರು ಬೇರೆ, ಕೆಮ್ಮುವವರು ಬೇರೆ.

ಗುಜರಾತಿನಲ್ಲಿ ಬಯಲಾದ ಗುಟ್ಟು

ಇದೆಲ್ಲ ಬರೀ ಅನುಮಾನ, ಸಾಕ್ಷಿ ಎಲ್ಲಿ ಎಂದು ಕೇಳುವವರಿಗೆ ಗುಜರಾತಿನ ಪ್ರಸಂಗ ಹೇಳಬೇಕು. ಅಲ್ಲಿ ಹೈಕೋರ್ಟಿನ ಆದೇಶದಿಂದ 1996ರಿಂದಲೂ ಒಂದು ಕ್ರಮವಿತ್ತು. ಕಾರ್ಖಾನೆಗಳು ಹೊರಗಿನ ಪರಿಸರ ತಪಾಸಣೆಗಾರರಿಂದ ತಪಾಸಣೆ ಮಾಡಿಸಿ ವರದಿ ಕೊಡಬೇಕು. ತಪಾಸಣೆಗಾರರನ್ನು ಆರಿಸಿ, ಹಣ ಕೊಡುವವರು ಕಾರ್ಖಾನೆಯವರೇ.

ಇದು ಎಷ್ಟು ಸಾಚಾ ಎಂದು ನೋಡಲು ಎಸ್ತರ್ ಡುಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರು ಗುಜರಾತಿನ ಮಂಡಳಿಯ ಜೊತೆ ಸೇರಿ ಅಹಮದಾಬಾದ್ ಮತ್ತು ಸೂರತ್ ಕಡೆಯ 473 ಕಾರ್ಖಾನೆಗಳಲ್ಲಿ ಪ್ರಯೋಗ ಮಾಡಿದರು. ಇವರಲ್ಲಿ ಡುಫ್ಲೋ ಅವರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಳೆಯ ಕ್ರಮದಲ್ಲೇ ಬಿಟ್ಟ ಕಡೆ, ಧೂಳಿನ ಮಿತಿ ಮೀರಿದ ಕಾರ್ಖಾನೆಗಳು ಶೇಕಡ 7 ಮಾತ್ರ ಎಂದು ವರದಿಗಳು ಹೇಳಿದವು. ಬೇರೆಯವರನ್ನು ಕಳಿಸಿ ಅದೇ ಚಿಮಣಿಗಳನ್ನು ಮತ್ತೆ ಅಳೆಸಿದಾಗ ನಿಜವಾಗಿ ಮೀರಿದ್ದವರು ಶೇಕಡ 59!

ಉಳಿದ ಕಾರ್ಖಾನೆಗಳಲ್ಲಿ ಮಾಡಿದ ಬದಲಾವಣೆ ಬಹಳ ದೊಡ್ಡದೇನಲ್ಲ. ತಪಾಸಣೆಗಾರರನ್ನು ಚೀಟಿ ಎತ್ತಿದಂತೆ ಹಂಚಿದರು. ಕೂಲಿಯನ್ನು ಕಾರ್ಖಾನೆಯ ಕೈಯಿಂದಲ್ಲ, ಒಂದು ಸಾಮಾನ್ಯ ನಿಧಿಯಿಂದ, ಎಲ್ಲರಿಗೂ ಒಂದೇ ದರದಲ್ಲಿ ಕೊಟ್ಟರು. ಅಳೆದು ಹೋದ ಮೇಲೆ ಕೆಲವು ಕಡೆ ಬೇರೆಯವರಿಂದ ಮತ್ತೆ ಅಳೆಸಿದರು. ಅಷ್ಟಕ್ಕೇ ಸುಳ್ಳು ವರದಿ ಶೇಕಡ 80ರಷ್ಟು ಇಳಿಯಿತು. ಸುಳ್ಳು ನಡೆಯುವುದಿಲ್ಲವೆಂದು ಗೊತ್ತಾದ ಕಾರ್ಖಾನೆಗಳು ಮಾಲಿನ್ಯವನ್ನೂ ತಗ್ಗಿಸಿದವು. ಈ ಅಧ್ಯಯನ ಪ್ರಕಟವಾದದ್ದು 2013ರಲ್ಲಿ.

ಅರ್ಥ ಇಷ್ಟೆ. ಅಳೆಯುವವರು ಹುಟ್ಟಾ ಸುಳ್ಳರೇನಲ್ಲ. ಯಾರ ಕೈಯಿಂದ ಕಾಸು ಬರುತ್ತದೋ ಅವರ ಮುಖ ನೋಡಿ ಅಂಕಿ ಬರೆಯುತ್ತಾರೆ. ಕಾಸಿನ ದಾರಿ ಬದಲಿಸಿದರೆ ಅಂಕಿಯೂ ಬದಲಾಗುತ್ತದೆ.

ದೆಹಲಿಯವರಿಗೂ ಈ ಪಾಠ ತಡವಾಗಿಯಾದರೂ ತಲುಪಿದಂತಿದೆ. 2025ರ ಆಗಸ್ಟಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಿಸರ ಲೆಕ್ಕ ತಪಾಸಣೆಯ ಹೊಸ ನಿಯಮಗಳನ್ನು ಹೊರಡಿಸಿತು. ನೋಂದಾಯಿತ ಖಾಸಗಿ ತಪಾಸಣೆಗಾರರು ಬರುತ್ತಾರೆ, ಯಾವ ಕಾರ್ಖಾನೆಗೆ ಯಾರು ಎಂಬುದನ್ನು ಚೀಟಿ ಎತ್ತಿದಂತೆ ಹಂಚಲಾಗುತ್ತದೆ ಎಂಬುದು ಅದರ ತಿರುಳು. ಇದು ಹಾಸನದ ಚಿಮಣಿ ಏರುವಷ್ಟರಲ್ಲಿ ಯಾವ ರೂಪ ತಾಳುತ್ತದೋ ನೋಡಬೇಕು. ಚೀಟಿ ನಿಜವಾಗಿ ಎತ್ತಿದರೆ ಸರಿ, ಮಡಚುವಾಗಲೇ ಗುರುತು ಮಾಡಿಟ್ಟರೆ ಕೆಟ್ಟಿತು.

ಜೈಲು ಹೋಯಿತು, ದಂಡ ಬಂತು

ಇನ್ನೊಂದು ಬದಲಾವಣೆಯೂ ಸದ್ದಿಲ್ಲದೆ ಆಗಿದೆ. ವಾಯು ಕಾಯಿದೆಯ ಮಿತಿ ಮೀರಿದವರಿಗೆ ಮೊದಲು ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಜೈಲು ಎಂದಿತ್ತು. 2023ರ ಜನ ವಿಶ್ವಾಸ ತಿದ್ದುಪಡಿ ಕಾಯಿದೆ ಬಂದು, 2024ರ ಏಪ್ರಿಲ್ 1ರಿಂದ ಆ ಜಾಗದಲ್ಲಿ 10,000 ರೂಪಾಯಿಯಿಂದ 15 ಲಕ್ಷ ರೂಪಾಯಿವರೆಗೆ ದಂಡ ಎಂದಾಯಿತು. ಜೈಲಿನ ಮಾತು ಕಾಗದದಲ್ಲೇ ಇತ್ತು, ಹೋದವರು ಯಾರು ಎಂದು ಕೆಲವರು ಕೇಳಬಹುದು. ದಂಡವಾದರೆ ಬೇಗ ಹಾಕಬಹುದು ಎಂಬ ವಾದವೂ ಇದೆ. ಇರಲಿ. ಆದರೆ ದಂಡ ಹಾಕಲು ಅಂಕಿ ಬೇಕು. ಕೋರ್ಟಿಗೆ ಒಪ್ಪುವ ಅಂಕಿ ಬೇಕಾದರೆ ಮಂಡಳಿಯ ಅಧಿಕಾರಿಯೇ ನೋಟೀಸು ಕೊಟ್ಟು, ಮಾಲೀಕರ ಎದುರಿಗೆ ಮಾದರಿ ತೆಗೆದು, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕೆಂದು ಕಾಯಿದೆಯ 26ನೇ ಕಲಂ ಹೇಳುತ್ತದೆ. ವರ್ಷವಿಡೀ ಕಾರ್ಖಾನೆಯ ಕಾಗದವನ್ನೇ ನೆಚ್ಚಿ ಕುಳಿತರೆ ಆ ಮೊಹರಿನ ಮಾದರಿ ಎಲ್ಲಿಂದ ಬರಬೇಕು?

ಹಾಸನದಂಥ ಊರಿಗೆ ಇದು ಇನ್ನೂ ಮುಖ್ಯ. ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮಾತ್ರ. ಪಟ್ಟಿಗೆ ಸೇರದಿರುವುದು ನಮ್ಮ ಗಾಳಿ ಅಷ್ಟು ಕೆಟ್ಟಿಲ್ಲ ಎಂಬುದಕ್ಕೆ ಗುರುತು ಎಂದು ಸಂತೋಷಪಡಬಹುದು. ಕೆಡುವ ಮೊದಲೇ ಕಾಯುವುದು ಜಾಣತನ. ಕೆಟ್ಟ ಮೇಲೆ ಪಟ್ಟಿಗೆ ಸೇರುವುದರಲ್ಲಿ ಏನು ಹೆಚ್ಚುಗಾರಿಕೆ?

ನಮ್ಮ ಅಂಗಡಿಯ ಜನರೇಟರು?

ಮಾತು ಬಂದಾಗ ನಮ್ಮ ಬಾಗಿಲನ್ನೂ ನೋಡಿಕೊಳ್ಳಬೇಕು. ಕರೆಂಟು ಹೋದಾಗ ದೊಡ್ಡ ಅಂಗಡಿ, ಹೋಟೆಲು, ಕಲ್ಯಾಣ ಮಂಟಪದವರು ಡೀಸೆಲ್ ಜನರೇಟರು ಹಾಕುತ್ತಾರೆ. ಅದರ ಹೊಗೆ ಕೊಳವೆ ಕಟ್ಟಡದ ಮೇಲಕ್ಕೆ ಹೋಗಬೇಕು. ಎಷ್ಟು ಮೇಲಕ್ಕೆ ಎನ್ನುವುದಕ್ಕೂ ಸೂತ್ರವಿದೆ. 100 ಕೆವಿಎ ಯಂತ್ರವಾದರೆ ಕಟ್ಟಡದ ತಲೆಯಿಂದ ಇನ್ನೂ 2 ಮೀಟರ್ ಮೇಲೆ, 225 ಕೆವಿಎ ಆದರೆ 3 ಮೀಟರ್. ಕೊಳವೆಯ ಬಾಯಿಯನ್ನು ಫುಟ್‌ಪಾತಿನ ಕಡೆಗೆ ತಿರುಗಿಸಿಟ್ಟು, ಬಸ್ಸಿಗೆ ಕಾಯುವವರ ಮುಖಕ್ಕೆ ಹೊಗೆ ಊದಿಸಿ, ಕಾರ್ಖಾನೆಯವರನ್ನು ಬೈದರೆ ಬೆಲೆ ಇರುವುದಿಲ್ಲ. ಇದೂ ಸ್ವಯಂ ಮೇಲ್ವಿಚಾರಣೆಯೇ ತಾನೆ!

ಜನ ಏನು ಮಾಡಬಹುದು?

ಅಂಕಿ ಮಾಲೀಕರ ಬೀರುವಿನಲ್ಲಿದೆ, ನಕಲು ಮಂಡಳಿಯ ಕಡತದಲ್ಲಿದೆ. ಅದನ್ನು ಬೆಳಕಿಗೆ ತರಲು ದಾರಿಗಳುಂಟು.

ಮೊದಲನೆಯದು, ವಾಯು ಕಾಯಿದೆಯ 51ನೇ ಕಲಂ. ಯಾರಿಗೆ ಸಮ್ಮತಿ ಕೊಡಲಾಗಿದೆ, ಅವರಿಗೆ ಹಾಕಿದ ಮಿತಿ ಎಷ್ಟು ಎಂಬ ರಿಜಿಸ್ಟರನ್ನು ಮಂಡಳಿ ಇಡಲೇಬೇಕು. ಆ ಹೊಗೆಯಿಂದ ಬಾಧಿತರಾದವರು ಕಚೇರಿ ವೇಳೆಯಲ್ಲಿ ಹೋಗಿ ನೋಡಬಹುದು. 1981ರಿಂದಲೂ ಇರುವ ಹಕ್ಕು ಇದು.

ಎರಡನೆಯದು, 2005ರ ಮಾಹಿತಿ ಹಕ್ಕು ಕಾಯಿದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ, ಇಂಥ ಘಟಕದ ಸಮ್ಮತಿ ಪತ್ರ, ಕಳೆದ ಮೂರು ವರ್ಷದ ಫಾರಂ 5, ಹೊಗೆ ತಪಾಸಣೆಯ ವರದಿಗಳ ನಕಲು ಕೊಡಿ ಎಂದು ಕೇಳಬಹುದು. ಕರ್ನಾಟಕದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ವರದಿ ಕೈಗೆ ಬಂದರೆ ಮೊದಲು ನೋಡಬೇಕಾದ್ದು ಅಂಕಿಯನ್ನಲ್ಲ, ತಾರೀಖನ್ನು. ಅಳೆದದ್ದೆಲ್ಲ ಮಳೆಗಾಲದಲ್ಲೇ ಇದ್ದರೆ, ಪ್ರತಿ ಸಲವೂ ಹೆಚ್ಚು ಕಡಿಮೆ ಒಂದೇ ಅಂಕಿ ಬಂದಿದ್ದರೆ, ಅದೇ ಒಂದು ಸುದ್ದಿ.

ಮೂರನೆಯದು ಬೋರ್ಡು. ಅಪಾಯಕಾರಿ ತ್ಯಾಜ್ಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2003ರ ಅಕ್ಟೋಬರಿನಲ್ಲಿಯೇ, ಅಂಥ ಕಾರ್ಖಾನೆಗಳು ತಮ್ಮ ಹೊಗೆ, ನೀರು, ತ್ಯಾಜ್ಯದ ವಿವರವನ್ನು ಮುಖ್ಯ ಗೇಟಿನ ಹೊರಗೆ ಬರೆದು ಹಾಕಬೇಕೆಂದು ಆದೇಶಿಸಿತು. 2017ರ ಫೆಬ್ರವರಿಯಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಯಂತ್ರದ ಅಂಕಿಗಳು ಜನರಿಗೆ ಕಾಣುವಂತಿರಬೇಕು ಎಂದಿತು. ಈ ಮಾತನ್ನು ರೈಸ್ ಮಿಲ್ಲಿಗೂ ಕ್ರಷರಿಗೂ ಹಬ್ಬಿಸಿದರೆ ಖರ್ಚೇನು? ಒಂದು ತಗಡು, ಒಂದು ಡಬ್ಬ ಬಣ್ಣ. ಕೊನೆಯ ಸಲ ಅಳೆದದ್ದು ಯಾವತ್ತು, ಬಂದ ಅಂಕಿ ಎಷ್ಟು, ಮಿತಿ ಎಷ್ಟು, ಅಳೆದವರು ಯಾರು. ನಾಲ್ಕೇ ಸಾಲು, ಕನ್ನಡದಲ್ಲಿ, ಬಸ್ಸಿನಿಂದ ಕಾಣುವಷ್ಟು ದಪ್ಪಕ್ಷರದಲ್ಲಿ.

ಸರಿಯಾಗಿ ನಡೆಸುವ ಮಾಲೀಕರಿಗೆ ಇದರಿಂದ ನಷ್ಟವಿಲ್ಲ, ಲಾಭವೇ. ಈಗ ಸೈಕ್ಲೋನ್ ಕೂರಿಸಿ, ವಿದ್ಯುತ್ ಬಿಲ್ಲು ಕಟ್ಟಿ ನಡೆಸುವವರಿಗೂ, ರಾತ್ರಿ ಅದನ್ನು ಆರಿಸಿ ಕಾಸು ಉಳಿಸುವವರಿಗೂ ಕಾಗದದ ಮೇಲೆ ಒಂದೇ ಅಂಕಿ. ಪ್ರಾಮಾಣಿಕರಿಗೆ ಇದಕ್ಕಿಂತ ದೊಡ್ಡ ದಂಡ ಯಾವುದಿದೆ?

ಮಂಡಳಿಯವರು ಮಾಡಬೇಕಾದ್ದೂ ಬೆಟ್ಟದಷ್ಟಿಲ್ಲ. ನಾಲ್ಕು ತಾಲ್ಲೂಕಿನ ಪಟ್ಟಿ ಮುಂದಿಟ್ಟುಕೊಂಡು, ತಿಂಗಳಿಗೆ ಹತ್ತು ಹೆಸರನ್ನು ಚೀಟಿ ಎತ್ತಿ, ಹೇಳದೆ ಕೇಳದೆ ಹೋಗಿ ಅಳೆದು, ಅದನ್ನು ಮಾಲೀಕರು ಕೊಟ್ಟ ಅಂಕಿಯ ಪಕ್ಕದಲ್ಲಿ ಬರೆದು ಕಚೇರಿಯ ಗೋಡೆಗೆ ಅಂಟಿಸಲಿ. ಎರಡೂ ಹೊಂದಿದರೆ ಶಹಬ್ಬಾಸ್ ಎನ್ನೋಣ. ಹೊಂದದಿದ್ದರೆ 15 ಲಕ್ಷದ ಕಲಂ ಇದ್ದೇ ಇದೆ.

ಅರ್ಧ ಕೆಜಿ ಬೇಳೆಯಲ್ಲಿ ಹತ್ತು ಗ್ರಾಂ ಕಡಿಮೆಯಾದರೆ ಗಿರಾಕಿ ಮನೆಗೆ ಹೋಗಿ ತೂಗಿ, ತಿರುಗಿ ಬಂದು ಜಗಳ ಆಡುತ್ತಾರೆ. ಗಾಳಿಯನ್ನು ಮನೆಗೆ ಒಯ್ದು ತೂಗುವಂತಿಲ್ಲ. ಅದಕ್ಕೇ ಅದರ ತಕ್ಕಡಿಗೆ ಬೇಳೆಯ ತಕ್ಕಡಿಗಿಂತ ಗಟ್ಟಿಯಾದ ಮುದ್ರೆ ಬೇಕು. ಆ ಮುದ್ರೆ ಮಾರುವವರ ಕೈಯಲ್ಲಿರಬಾರದು. ಸಂಬಂಧಪಟ್ಟವರು ಇತ್ತ ಗಮನ ಕೊಡುವರೆಂದು ನಾಲ್ಕೂ ಊರಿನವರು ಕಾಯುತ್ತಿದ್ದಾರೆ. ಕಾಯುತ್ತಾ ಉಸಿರಾಡುತ್ತಲೂ ಇದ್ದಾರೆ.